ಗುಳ್ಳೆ ಏಳಬಾರದು ಎಂದಿದ್ದ ಅಪ್ಪ

ಪಿಜ್ಜಾದ ಬೇಸ್‌ಗೆ, ಅಂದರೆ ಅಡಿಯ ಬ್ರೆಡ್ಡಿಗೆ, ತೂತು ಚುಚ್ಚುವುದು ನಾನು ದುಡ್ಡಿಗಾಗಿ ಮಾಡಿದ ಮೊದಲ ಕೆಲಸ. ಭದ್ರಾವತಿಯಲ್ಲಿ ಅಪ್ಪನಿಗೆ ಒಂದು ಬೇಕರಿ ಇತ್ತು. 1998ರ ಹೊತ್ತಿಗೆ ನಮ್ಮ ಕಡೆಯ ಹುಟ್ಟುಹಬ್ಬಗಳಲ್ಲಿ ಪಿಜ್ಜಾ ಎಂಬ ಹೆಸರು ಕೇಳಿಬರತೊಡಗಿತ್ತು. ಕಾಲೊನಿಯ ಹೆಂಗಸರು ಅಂಗಡಿಗೆ ಬಂದು ‘ಬೇಸ್ ಇದೆಯಾ’ ಎಂದು ಕೇಳುತ್ತಿದ್ದರು. ಬಂದ ಗಿರಾಕಿಗೆ ಇಲ್ಲ ಎನ್ನುವುದು ಅಪ್ಪನ ಜಾಯಮಾನವಲ್ಲ. ಬನ್ನಿನ ಹಿಟ್ಟನ್ನೇ ತೆಗೆದುಕೊಂಡು, ಇನ್ನೊಂದಿಷ್ಟು ವನಸ್ಪತಿ ಸೇರಿಸಿ, ಊಟದ ತಟ್ಟೆಯ ಅಗಲಕ್ಕೆ ಲಟ್ಟಿಸಿ, ಅರೆಬೆಂದಾಗಲೇ ಭಟ್ಟಿಯಿಂದ ತೆಗೆದು, ಎರಡೆರಡನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮಾರಲು ಶುರುಮಾಡಿದ. ಭಟ್ಟಿಗೆ ಹಾಕುವ ಮುಂಚೆ ಒಂದೊಂದಕ್ಕೂ ಫೋರ್ಕಿನಿಂದ ಮೈತುಂಬ ಚುಚ್ಚಬೇಕಿತ್ತು. ಅದು ನನ್ನ ಪಾಲಿನ ಕೆಲಸ, ನೂರಕ್ಕೆ ಐದು ರೂಪಾಯಿ. ‘ಗುಳ್ಳೆ ಏಳಬಾರದು ನೋಡು. ಗುಳ್ಳೆ ಎದ್ದರೆ ಮಾಲು ವಾಪಸ್ ಬರುತ್ತದೆ’ ಎಂದು ಅಪ್ಪ ದಿನಕ್ಕೊಮ್ಮೆಯಾದರೂ ಎಚ್ಚರಿಸುತ್ತಿದ್ದ.

ಹಾಗಾಗಿ ಶಿವಮೊಗ್ಗದ ಪಿಜ್ಜಾಗಳ ಬಗ್ಗೆ ನಾನು ಇಷ್ಟು ವರ್ಷ ಗೊಣಗಿದ್ದರಲ್ಲಿ ಸ್ವಲ್ಪ ತಪ್ಪೊಪ್ಪಿಗೆಯೂ ಸೇರಿದೆ. ನಾನು ತಿಂದವೆಲ್ಲ ಬಹುಪಾಲು ಅದೇ ವಂಶದವು. ಕೆಳಗೆ ಸಿಹಿಯಾದ ದಪ್ಪ ಬನ್ನು, ಅದರ ಮೇಲೆ ಸಕ್ಕರೆ ಬೆರೆತ ಕೆಂಪು ಸಾಸ್, ಅದರ ಮೇಲೆ ದೊಣ್ಣೆಮೆಣಸು, ಜೋಳ, ಈರುಳ್ಳಿಗಳ ಜಾತ್ರೆ. ಚೀಸ್ ಎಂದು ಹೇಳಲಾದ ವಸ್ತು ತಣ್ಣಗಾದ ಮೇಲೆ ರಬ್ಬರ್ ಚಪ್ಪಲಿಯ ಅಟ್ಟೆ. ಒಮ್ಮೆ ಮಗನ ಹುಟ್ಟುಹಬ್ಬಕ್ಕೆ ತರಿಸಿದ್ದರಲ್ಲಿ ಅಂಚನ್ನು ಮುರಿದರೆ ಒಳಗೆ ಅಪ್ಪನ ಬನ್ನಿನ ವಾಸನೆಯೇ ಬಂದಿತು. ಬೇಸರವಾಗಲಿಲ್ಲ. ಇಷ್ಟಕ್ಕೆ ನಾಲ್ಕುನೂರು ರೂಪಾಯಿಯೇ ಎನ್ನಿಸಿತು, ಅಷ್ಟೆ.

ನಿಜವಾದ ಇಟಲಿಯ ಪಿಜ್ಜಾ ಯಾವುದು ಎಂದು ತೀರ್ಪು ಕೊಡಲು ನೀನು ಯಾರು ಎಂದರೆ, ಯಾರೂ ಅಲ್ಲ. ಇಟಲಿ ನೋಡಿಲ್ಲ. ನಾನು ಹೋದ ಅತಿ ದೂರದ ಊರು ಕಾಶಿ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೆಂಗಳೂರಿನಲ್ಲಿರುವ ಸೋದರಳಿಯ ಎರಡು ಸಲ ಸೌದೆ ಒಲೆಯ ಪಿಜ್ಜಾ ತಿನ್ನಿಸಿದ್ದಾನೆ, ಇಟಲಿಯೊಡನೆ ನನ್ನ ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು. ಆದರೆ ಹಿಟ್ಟು ಗೊತ್ತು. ಹುಟ್ಟಿದಾಗಿನಿಂದ ಮೈದಾದ ಧೂಳು ಕುಡಿದು ಬೆಳೆದಿದ್ದೇನೆ. ಪಿಜ್ಜಾ ಮೊದಲು ಬ್ರೆಡ್ಡು, ಮೇಲಿನದೆಲ್ಲ ಆಮೇಲಿನ ಮಾತು. ಇದನ್ನು ಹೇಳಲು ಪಾಸ್‌ಪೋರ್ಟ್ ಬೇಕಿಲ್ಲ ಎಂದುಕೊಂಡಿದ್ದೇನೆ.

ಹೋದ ಆಗಸ್ಟಿನಲ್ಲಿ ಮಗನ ಟ್ಯೂಷನ್ ವಿನೋಬನಗರದ ನೂರಡಿ ರಸ್ತೆಯ ಆಚೆಗೆ ಬದಲಾಯಿತು. ಸಂಜೆ ಆರಕ್ಕೆ ಬಿಟ್ಟು ಏಳೂವರೆಗೆ ಕರೆದುಕೊಂಡು ಹೋಗಬೇಕು. ಗೋಪಾಳದ ಮನೆಗೆ ಹೋಗಿ ಬರುವಷ್ಟರಲ್ಲಿ ಸಮಯ ಮುಗಿಯುತ್ತದೆ, ಸ್ಕೂಟರಿನ ಮೇಲೆ ಕೂತಿರೋಣವೆಂದರೆ ಮಳೆ. ಒಂದು ದಿನ ಹಾಗೇ ಜರ್ಕಿನ್ ಹಾಕಿಕೊಂಡು ಅಡ್ಡರಸ್ತೆಗಳಲ್ಲಿ ನಡೆಯುತ್ತಿದ್ದಾಗ ಮೂಗು ನಿಂತಿತು. ಒಣ ಸೌದೆಯ ಹೊಗೆ, ಅದರೊಳಗೆ ಹುದುಗು ಬಂದ ಹಿಟ್ಟು ಸುಡುವ ವಾಸನೆ. ಬೇಕರಿಯಲ್ಲಿ ಬೆಳೆದವರಿಗೆ ಇದು ಅಪ್ಪನ ಅಂಗಿಯ ವಾಸನೆ. ಸುತ್ತ ನೋಡಿದರೆ ಬೇಕರಿಯ ಗುರುತೇ ಇಲ್ಲ, ಮನೆಗಳು ಮಾತ್ರ. ನಾಲ್ಕನೆಯ ಮನೆಯ ಕಾರ್ ಶೆಡ್ಡಿನಲ್ಲಿ ದೀಪ ಉರಿಯುತ್ತಿತ್ತು. ಆರು ಮೇಜು, ಗೋಡೆಗೆ ಒರಗಿಸಿದ ಸೌದೆ, ಹಿಂದೆ ಆನೆಯ ಬೆನ್ನಿನಂಥ ಗುಮ್ಮಟದ ಒಲೆ.

ಹೋಟೆಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆರೇ ಮೇಜಿರುವುದು ಒಂದು ಕಾರಣ. ಅಲ್ಲದೆ ಅದನ್ನು ನಡೆಸುವ ಹುಡುಗನೇ ಬೇಡ ಎಂದಿದ್ದಾನೆ. ಭಾನುವಾರ ಬಂದವರನ್ನೇ ಸುಧಾರಿಸಲಾಗುತ್ತಿಲ್ಲವಂತೆ.

ಅಂದು ಗಿರಾಕಿ ನಾನೊಬ್ಬಳೇ. ಮಾರ್ಗರಿಟಾ ಪಿಜ್ಜಾ ಹೇಳಿ ಒಲೆಯ ಎದುರಿಗೇ ಕುಳಿತೆ. ಹುಡುಗ ಮರದ ಪೆಟ್ಟಿಗೆಯಿಂದ ಒಂದು ಉಂಡೆ ತೆಗೆದ. ತೆಗೆದ ರೀತಿಯಲ್ಲೇ ನನ್ನ ಬೆನ್ನು ನೆಟ್ಟಗಾಯಿತು. ಉಂಡೆಯನ್ನು ಅವನು ಎತ್ತಲಿಲ್ಲ, ಮಲಗಿದ ಮಗುವನ್ನು ತೊಟ್ಟಿಲಿನಿಂದ ತೆಗೆಯುವ ಹಾಗೆ ಅಡಿಗೆ ಕೈಕೊಟ್ಟು ಜಾರಿಸಿದ. ಹಿಟ್ಟು ಅಷ್ಟು ಮೆದು. ಲಟ್ಟಣಿಗೆ ಎಲ್ಲೂ ಕಾಣಲಿಲ್ಲ. ಬೆರಳ ತುದಿಗಳಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋದ, ಅಂಚಿನ ಒಂದು ಬೆರಳಗಲವನ್ನು ಮಾತ್ರ ಮುಟ್ಟಲಿಲ್ಲ. ಒಳಗಿದ್ದ ಗಾಳಿಯೆಲ್ಲ ಅಂಚಿಗೆ ಸರಿದು ಅಲ್ಲಿ ನಿಂತಿತು. ನಾನು ಬಾಲ್ಯವಿಡೀ ಫೋರ್ಕಿನಿಂದ ಹೊರಗಟ್ಟಿದ ಗಾಳಿ ಅದು. ಆಮೇಲೆ ಕೈಯಲ್ಲೇ ಹಿಸುಕಿದ ಟೊಮೆಟೊ ಒಂದು ಸೌಟು, ನಾಲ್ಕೈದು ಚೂರು ಬಿಳಿ ಚೀಸ್, ಎಲೆಗಳು, ಮೇಲಿನಿಂದ ಆಲಿವ್ ಎಣ್ಣೆಯ ಒಂದು ಸುತ್ತು. ಒಲೆಗೆ ಹಾಕಿದೊಡನೆ ಮೊಬೈಲ್ ತೆಗೆದು ಎಣಿಸಿದೆ. 30 ಸೆಕೆಂಡಿಗೆ ಅಂಚು ಉಬ್ಬಿತು. ಒಮ್ಮೆ ತಿರುಗಿಸಿದ. 80 ಸೆಕೆಂಡಿಗೆ ಹೊರಗೆ.

ಅಂಚಿನ ತುಂಬ ಕಪ್ಪು ಚುಕ್ಕೆಗಳು, ಚಿರತೆಯ ಮೈಯ ಹಾಗೆ. ಮುರಿದರೆ ಒಳಗೆ ದೊಡ್ಡ ದೊಡ್ಡ ಗೂಡುಗಳು. ಹೊರಪದರ ಹಪ್ಪಳದಷ್ಟು ತೆಳು, ಅದರ ಹಿಂದೆಯೇ ಒದ್ದೆ ಹತ್ತಿಯಂಥ ಮೆತ್ತಗೆ. ಸಕ್ಕರೆಯ ಸುಳಿವಿಲ್ಲ. ಅಗಿದಂತೆ ಗೋಧಿಯದೇ ಒಂದು ಸಣ್ಣ ಸಿಹಿ ನಿಧಾನಕ್ಕೆ ಬಂತು, ಹಿಂದೆಯೇ ಸುಟ್ಟ ಕಡೆಯ ಕಹಿ. ಟೊಮೆಟೊ ಬೇಯಿಸಿದ ಸಾಸಿನ ಹಾಗಿರದೆ ಹಣ್ಣಿನ ಹಾಗೇ ಇತ್ತು. ಮೇಲಿರುವುದನ್ನು ಮರೆತು ಅಂಚನ್ನೇ ಮೊದಲು ಮುಗಿಸಿದೆ. ಮಕ್ಕಳು ಅಂಚು ಬಿಟ್ಟು ನಡುವನ್ನು ತಿನ್ನುವುದನ್ನು ಕಂಡು ಬೈಯುತ್ತಿದ್ದವಳು ನಾನು.

ಹುಡುಗ ಹೊಸನಗರದ ಕಡೆಯವನು. ಬೆಂಗಳೂರಿನ ಪಿಜ್ಜಾ ಅಡುಗೆಮನೆಗಳಲ್ಲಿ ಆರು ವರ್ಷ ಇದ್ದು, 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ‘ಹಿಟ್ಟಿಗೆ ಎಷ್ಟು ಹೊತ್ತು ಕೊಡುತ್ತೀಯ ತಮ್ಮಾ’ ಎಂದು ಕೇಳಿದೆ. ಅವನು ಮುಖ ನೋಡಿದ. ಊರಲ್ಲಿ ಯಾರೂ ಅವನಿಗೆ ಹಾಗೆ ಕೇಳಿರಲಿಲ್ಲವಂತೆ. ಎಲ್ಲರೂ ಕೇಳುವುದು ‘ಚೀಸ್ ಜಾಸ್ತಿ ಹಾಕುತ್ತೀರಾ’ ಎಂದು.

‘ಮಳೆಗಾಲದಲ್ಲಿ 24 ಗಂಟೆ ಅಕ್ಕಾ. ಏಪ್ರಿಲ್‌ನಲ್ಲಿ ಹಿಟ್ಟು ನನ್ನ ಮಾತು ಕೇಳುವುದಿಲ್ಲ, ಐಸ್ ನೀರಿನಲ್ಲಿ ಕಲಸುತ್ತೇನೆ, ಆದರೂ ಮಧ್ಯಾಹ್ನಕ್ಕೇ ಹುಳಿ.’

ದೋಸೆ ಹಿಟ್ಟಿನ ಕಷ್ಟವೇ ಇದು. ಚಳಿಗೆ ಪಾತ್ರೆಗೆ ಕಂಬಳಿ ಸುತ್ತುತ್ತೇವೆ, ಬೇಸಿಗೆಯಲ್ಲಿ ರಾತ್ರಿ ಎದ್ದು ಫ್ರಿಜ್ಜಿಗೆ ಇಡುತ್ತೇವೆ. ನಮ್ಮ ಮಳೆಗಾಲದಲ್ಲಂತೂ ಮೈದಾದ ಚೀಲ ಕೂತಲ್ಲೇ ಗಾಳಿಯ ತೇವ ಹೀರಿರುತ್ತದೆ. ಪುಸ್ತಕದ ಅಳತೆಯಂತೆ ನೀರು ಹಾಕಿದರೆ ಕೈಗಂಟುವ ಅಂಬಲಿ. ಜುಲೈನಲ್ಲಿ ಅವನು ಕಿಲೋ ಹಿಟ್ಟಿಗೆ ಒಂದು ಸಣ್ಣ ಲೋಟ ನೀರು ಕಡಿಮೆ ಮಾಡುತ್ತಾನೆ. ಇದನ್ನು ಪಿಜ್ಜಾದ ತವರಾದ ಇಟಲಿಯ ನೇಪಲ್ಸಿನವರು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಮೊದಲ ಮಳೆಗಾಲದಲ್ಲಿ ಬಚ್ಚಲ ಹಿಂದಿನ ಗುಂಡಿಗೆ ಸುರಿದ ಹಿಟ್ಟು ಹೇಳಿಕೊಟ್ಟಿದೆ.

ನೇಪಲ್ಸಿನಲ್ಲಿ ಅಸಲಿ ಪಿಜ್ಜಾ ಹೇಗಿರಬೇಕು ಎಂದು ಹೇಳಲು ಒಂದು ಸಂಘವೇ ಇದೆ, 1984ರಲ್ಲಿ ಹುಟ್ಟಿದ್ದು. ಮಂಡಿಯಲ್ಲಿ ಇಡೀ ದಿನ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ದರ್ಜೆಗಳನ್ನು ಬರೆಯುವ ನನಗೆ ಆ ಸಂಘದ ನಿಯಮಗಳನ್ನು ಓದುವಾಗ ತವರಿಗೆ ಬಂದಂತಾಯಿತು. ಅಗಲ 35 ಸೆಂಟಿಮೀಟರ್ ಮೀರಬಾರದು. ನಡುವೆ ಕಾಲು ಸೆಂಟಿಮೀಟರ್ ದಪ್ಪ, ಅಂಚು 1ರಿಂದ 2 ಸೆಂಟಿಮೀಟರ್. ಕೈಯಿಂದಲೇ ಅಗಲಿಸಬೇಕು. ಒಲೆ 430ರಿಂದ 485 ಡಿಗ್ರಿ ಸೆಲ್ಷಿಯಸ್, ಬೇಯುವ ಹೊತ್ತು 60ರಿಂದ 90 ಸೆಕೆಂಡು. ಯುರೋಪಿನ ಒಕ್ಕೂಟ 2010ರಲ್ಲಿ ನೇಪಲ್ಸಿನ ಪಿಜ್ಜಾವನ್ನು ಸಾಂಪ್ರದಾಯಿಕ ತಿನಿಸೆಂದು ನೋಂದಾಯಿಸಿತು. 2017ರಲ್ಲಿ ಯುನೆಸ್ಕೊ ಆ ಊರಿನ ಪಿಜ್ಜಾ ಮಾಡುವವರ ಕಲೆಯನ್ನೇ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 1889ರಲ್ಲಿ ಇಟಲಿಯ ರಾಣಿ ಮಾರ್ಗರಿಟಾ ನೇಪಲ್ಸಿಗೆ ಬಂದಾಗ ಅವಳಿಗಾಗಿ ಮಾಡಿದ ಪಿಜ್ಜಾಕ್ಕೆ ಅವಳ ಹೆಸರೇ ಬಂತು ಎಂಬ ಕಥೆಯೂ ಇದೆ. ಇತಿಹಾಸಕಾರರಲ್ಲಿ ಎಲ್ಲರೂ ಅದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಪ್ರತಿ ಊರಿನ ಹೆಸರಿಗೂ ಒಬ್ಬಳು ರಾಣಿಯೋ ಒಬ್ಬ ರಾಕ್ಷಸನೋ ಸಿಗುತ್ತಾರಲ್ಲ, ಹಾಗೇ ಇರಬಹುದು.

ನಿಯಮಗಳಲ್ಲಿ ಅಸಲಿ ವಿಷಯ ಶಾಖದ್ದು. ಸಾಮಾನ್ಯ ಓವನ್ 250 ಡಿಗ್ರಿ ಮುಟ್ಟಲೇ ಒದ್ದಾಡುತ್ತದೆ. ಅದರಲ್ಲಿ ಪಿಜ್ಜಾ ಬೇಯಲು ಎಂಟು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಹಿಟ್ಟಿನ ನೀರೆಲ್ಲ ಆರಿ ರಸ್ಕಿನ ಗತಿ. ಅದಕ್ಕಿಂತ ಇನ್ನೂರು ಡಿಗ್ರಿ ಹೆಚ್ಚಿದ್ದರೆ ಹಿಟ್ಟಿನೊಳಗಿನ ನೀರು ಒಮ್ಮೆಗೇ ಆವಿಯಾಗಿ ಅಂಚನ್ನು ಎತ್ತಿ ಹಿಡಿಯುತ್ತದೆ, ಹೊರಮೈ ಸುಟ್ಟುಕೊಳ್ಳುತ್ತದೆ, ಒಳಗು ಆರುವ ಮುಂಚೆಯೇ ಪಿಜ್ಜಾ ಹೊರಗೆ ಬಂದಿರುತ್ತದೆ. ಸಕ್ಕರೆ, ಎಣ್ಣೆ, ಹಾಲು ಯಾವುದೂ ಹಿಟ್ಟಿಗೆ ಬೇಕಾಗುವುದಿಲ್ಲ. ಅಪ್ಪ ಬೇಸ್‌ಗೆ ಸಕ್ಕರೆ ಹಾಕುತ್ತಿದ್ದುದು ಕಡಿಮೆ ಶಾಖದಲ್ಲೂ ಬಣ್ಣ ಬರಲೆಂದು. ವನಸ್ಪತಿ ಹಾಕುತ್ತಿದ್ದುದು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಮೆತ್ತಗಿರಲೆಂದು. ಅವನ ಲೆಕ್ಕದಲ್ಲಿ ಅವನು ಸರಿಯೇ ಇದ್ದ. ಮೂರು ದಿನ ಇಡುವ ಬ್ರೆಡ್ಡು ಬೇರೆ, ಮೂರು ನಿಮಿಷದಲ್ಲಿ ತಿನ್ನುವ ಬ್ರೆಡ್ಡು ಬೇರೆ.

ಸಾಮಾನುಗಳ ಬಗ್ಗೆ ಸ್ವಲ್ಪ. ಟೊಮೆಟೊ ಡಬ್ಬಿಯದು, ವೆಸುವಿಯಸ್ ಬೆಟ್ಟದ ಸುತ್ತಿನ ಸಾನ್ ಮರ್ಜಾನೊ ತಳಿ, ಉದ್ದ ಹಣ್ಣು, ಬೀಜ ಕಡಿಮೆ. ಕೋಲಾರದಲ್ಲಿ ರಾಶಿ ರಾಶಿ ಬೆಳೆಯುವಾಗ ಡಬ್ಬಿಯದೇಕೆ ಎಂದು ನನ್ನ ಗಂಡನ ತಕರಾರು. ಹುಡುಗ ಒಂದು ವರ್ಷ ಇಲ್ಲಿಯದರಲ್ಲೇ ಒದ್ದಾಡಿದ್ದಾನೆ, ನೀರು ಬಿಟ್ಟು ಪಿಜ್ಜಾದ ನಡುವೆ ಕೆರೆ ನಿಲ್ಲುತ್ತಿತ್ತಂತೆ. ಚೀಸ್ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುತ್ತದೆ. ಹಸುವಿನ ಹಾಲಿನ ತಾಜಾ ಮೊಝರೆಲ್ಲಾ, ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯಬೇಕು. ಇಟಲಿಯ ಹಳೆಯ ಚೀಸುಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪು ಹಾಕುತ್ತಾರೆ. ಅತ್ತೆಯನ್ನು ಕರೆದುಕೊಂಡು ಹೋಗುವ ಮುಂಚೆ ಅವನನ್ನು ಬದಿಗೆ ಕರೆದು ಇದನ್ನು ಕೇಳಿಕೊಂಡೆ. ಇದು ಅಂಥದ್ದಲ್ಲವಂತೆ. ಅಂಥ ರೆನೆಟ್‌ನಿಂದಲೇ ಮಾಡುವ ಪರ್ಮೆಸಾನ್ ಚೀಸನ್ನು ಅವನು ತರುವುದೇ ಇಲ್ಲ.

ಆ ಎಲೆಯ ವಿಷಯವಂತೂ ನನಗೆ ನಗು ತರಿಸಿತು. ಬೇಸಿಲ್ ಬೇಸಿಲ್ ಎಂದು ಪೊಟ್ಟಣದಲ್ಲಿ ಮಾರುತ್ತಾರಲ್ಲ, ಅದು ನಮ್ಮ ಕಾಮಕಸ್ತೂರಿ. ಹೂವಾಡಗಿತ್ತಿಯರು ಸೇವಂತಿಗೆ ಮಲ್ಲಿಗೆಯ ನಡುವೆ ಸೇರಿಸಿ ಕಟ್ಟುವ ಸೊಪ್ಪು, ಬೀಜವನ್ನು ನೆನೆಸಿ ಪಾನಕಕ್ಕೆ ಹಾಕುತ್ತೇವೆ. ಹುಡುಗ ಮೊದಲು ಬೆಂಗಳೂರಿನಿಂದ ತರಿಸುತ್ತಿದ್ದನಂತೆ. ಒಂದು ದಿನ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿಯ ಪಕ್ಕ ಹಾದು ಹೋಗುವಾಗ ವಾಸನೆ ಬಂದು ನಿಂತನಂತೆ. ಈಗ ಅಂಗಡಿಯ ಹಿಂದೆ ಹತ್ತು ಕುಂಡ ಇಟ್ಟಿದ್ದಾನೆ.

ಅತ್ತೆ ತೀರ್ಥಹಳ್ಳಿ ಕಡೆಯವರು. ಹೊರಗಿನ ತಿಂಡಿ ಎಂದರೆ ಮಸಾಲೆದೋಸೆ, ಅದೂ ಡಾಕ್ಟರ ಬಳಿ ಹೋಗಿ ಬರುವಾಗ ಮಾತ್ರ. ಮಾರ್ಗರಿಟಾದಲ್ಲಿ ಬೆಳ್ಳುಳ್ಳಿ ಇಲ್ಲ ಎಂದು ಮೂರು ಸಲ ಪ್ರಮಾಣ ಮಾಡಿ ಹೊರಡಿಸಿದೆ. ತಟ್ಟೆ ಬಂದೊಡನೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ಸೀದು ಹೋಗಿದೆಯಲ್ಲೇ. ವಾಪಸ್ ಕೊಡು.’

‘ಅದು ಹಾಗೇ ಇರಬೇಕು ಅತ್ತೆ.’

‘ಮುಡಿಯುವ ಸೊಪ್ಪು ಬೇರೆ ಹಾಕಿದ್ದಾರೆ. ದೇವರಿಗೆ ನೈವೇದ್ಯವೋ, ಏನು?’

ಹುಡುಗ ಅಲ್ಲೇ ನಿಂತಿದ್ದ. ಬಾಯಿ ಬಿಡಲಿಲ್ಲ, ಜಾಣ. ಅತ್ತೆ ಅಂಚಿನ ಒಂದು ತುಂಡು ಮುರಿದು, ಮೊದಲು ಬೆಳಕಿಗೆ ಹಿಡಿದು ಒಳಗಿನ ಗೂಡುಗಳನ್ನು ನೋಡಿದರು. ಅವರ ಅಕ್ಕಿರೊಟ್ಟಿ ಕಾವಲಿಯ ಮೇಲೆ ಅರ್ಧ ಬೆಂದು, ಇನ್ನರ್ಧ ಕೆಂಡದ ಎದುರು ನಿಂತು ಪೂರಿಯಂತೆ ಉಬ್ಬಬೇಕು. ಉಬ್ಬದ ರೊಟ್ಟಿಯನ್ನು ನೆಂಟರ ಎಲೆಗೆ ಹಾಕುವವರೇ ಅಲ್ಲ, ಮನೆಯವರಿಗೆ ತಳ್ಳುತ್ತಾರೆ. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿಗೆ ಅವರು ಇಂದಿಗೂ ಕೊಡುವ ಹೆಸರು ‘ಪೇಟೆ ರೊಟ್ಟಿ’. ಆ ತುಂಡನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಹುಡುಗನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ:

‘ಯಾವ ಸೌದೆ?’

‘ಅಕೇಶಿಯಾ ಅಜ್ಜೀ. ಮೇ ತಿಂಗಳಲ್ಲೇ ತಂದು ಒಳಗೆ ಒಟ್ಟಿದ್ದೇನೆ.’

‘ಮಳೆ ಮುಗಿಯುವ ತನಕ ಸಾಲುತ್ತದಾ?’

‘ಸಾಲಬೇಕು.’

‘ಸಾಲುವುದಿಲ್ಲ’ ಎಂದು ಹೇಳಿ ಇನ್ನೊಂದು ತುಂಡು ತೆಗೆದುಕೊಂಡರು. ಅವರ ಮಾತೇ ನಿಜವಾಯಿತು. ಸೆಪ್ಟೆಂಬರ್ ಕೊನೆಗೆ ಸೌದೆ ಮುಗಿದು ಹುಡುಗ ನಾಲ್ಕು ದಿನ ಅಂಗಡಿ ಮುಚ್ಚಿದ್ದ. ಹಸಿ ಸೌದೆಯಲ್ಲಿ ಹೊಗೆ ಬರುತ್ತದೆಯೇ ಹೊರತು 400 ಡಿಗ್ರಿ ಬರುವುದಿಲ್ಲ. ಮಲೆನಾಡಿನಲ್ಲಿ ಹುಟ್ಟಿಯೂ ಇದನ್ನು ಮರೆತಿದ್ದಕ್ಕೆ ಅವನ ಅಮ್ಮ ಫೋನಿನಲ್ಲಿ ಬೈದರಂತೆ.

ಎಲ್ಲರೂ ಅತ್ತೆಯಂಥ ಗಿರಾಕಿಗಳಲ್ಲ. ನಾನು ಕುಳಿತಿರುವಾಗಲೇ ಎಷ್ಟೋ ಜನ ‘ನಡುವೆ ಹಸಿ ಇದೆ’ ಎಂದು ದೂರಿದ್ದಾರೆ. ನಡುವೆ ಅದು ಮೆದುವಾಗಿಯೇ ಇರಬೇಕು, ನಾಲ್ಕಾಗಿ ಮಡಚಿ ತಿನ್ನುವುದು ಅಲ್ಲಿನ ಬೀದಿಯ ಪದ್ಧತಿ. ಕೆಚಪ್ ಎಲ್ಲಿ ಎನ್ನುವವರು, ಇಷ್ಟೇ ಚೀಸಾ ಎನ್ನುವವರು, ಮೇಲೆ ಏನೂ ಇಲ್ಲವಲ್ಲ ಎನ್ನುವವರು ದಿನವೂ ಇದ್ದಾರೆ. ಹುಡುಗ ಬಾಡಿಗೆ ಕಟ್ಟಬೇಕಲ್ಲ, ಪಟ್ಟಿಯ ಕೊನೆಗೆ ಒಂದು ಪನೀರ್ ಪಿಜ್ಜಾ ಸೇರಿಸಿದ್ದಾನೆ. ನನಗೆ ಅದನ್ನು ಕಂಡರಾಗದು. ಅದೇ ಅತಿ ಹೆಚ್ಚು ಹೋಗುತ್ತದೆ ಎಂಬುದನ್ನು ಕಂಡರಂತೂ ಇನ್ನೂ ಆಗದು. ಆದರೆ ಖಾರ ಕೇಳುವವರಿಗಾಗಿ ಅವನು ಮಾಡಿರುವ ಸೂಜಿಮೆಣಸಿನ ಎಣ್ಣೆಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಮೆಣಸಿನಕಾಯಿ, ಟೊಮೆಟೊ ಎರಡೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು, ಒಂದು ನಮಗೆ ಅಂಟಿಕೊಂಡಿತು, ಇನ್ನೊಂದು ಅವರಿಗೆ. ಶ್ರಾದ್ಧದ ಅಡುಗೆಗೆ ಟೊಮೆಟೊವನ್ನು ಇಂದಿಗೂ ಸೇರಿಸದ ನಮ್ಮ ಮನೆಯಲ್ಲಿ ಅದು ಇನ್ನೂ ಹೊಸ ನೆಂಟನೇ.

ಅಪ್ಪನನ್ನು ಕರೆತಂದಿದ್ದು ನವೆಂಬರಿನಲ್ಲಿ. ಅವನಿಗೀಗ 78. ಬೇಕರಿ ಮುಚ್ಚಿದ್ದು 2011ರಲ್ಲಿ, ಮೊಣಕಾಲು ಕೈಕೊಟ್ಟಿದ್ದೂ ಅದೇ ವರ್ಷ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್ ಇದ್ದರೂ ಅವನನ್ನು ಹೊರಡಿಸುವುದು ತೇರು ಎಳೆದಂತೆ. ಒಲೆ ತೋರಿಸುತ್ತೇನೆ ಎಂದೆ, ಪಿಜ್ಜಾ ಎನ್ನಲಿಲ್ಲ.

ಬಂದವನು ಮೇಜಿನ ಕಡೆ ಕಣ್ಣೂ ಹಾಯಿಸದೆ ನೇರ ಒಲೆಯ ಮುಂದೆ ಹೋಗಿ ನಿಂತ. ಕೋಲನ್ನು ನನ್ನ ಕೈಗೆ ಕೊಟ್ಟು, ಪಕ್ಕದ ಡಬ್ಬದಿಂದ ಒಂದು ಚಿಟಿಕೆ ಮೈದಾ ತೆಗೆದು ಒಲೆಯ ನೆಲದ ಮೇಲೆ ಎಸೆದ. ಹಳೆಯ ಬೇಕರಿಯವರ ಥರ್ಮಾಮೀಟರ್ ಅದು. ಹಿಟ್ಟು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಬ್ರೆಡ್ಡಿಗೆ ಹದ, ಬೇಗ ಕಪ್ಪಾದರೆ ಕಾಯಬೇಕು. ಇಲ್ಲಿ ಎಸೆದದ್ದು ಬಿದ್ದಲ್ಲೇ ಕಿಡಿಯಾಗಿ ಹೋಯಿತು.

‘ಬೆಂಕಿಯನ್ನು ಒಳಗೇ ಇಟ್ಟುಕೊಂಡು ಬೇಯಿಸುತ್ತೀಯೇನೋ’ ಎಂದ ಅಪ್ಪ, ಮನೆ ಸುಟ್ಟುಕೊಳ್ಳುತ್ತಿರುವವನನ್ನು ಕೇಳುವ ಹಾಗೆ.

ನಮ್ಮ ಭಟ್ಟಿಯಲ್ಲಿ ಹಾಗಿರಲಿಲ್ಲ. ಒಳಗೆ ಸೌದೆ ಉರಿಸಿ, ಇಟ್ಟಿಗೆ ಕಾದ ಮೇಲೆ ಕೆಂಡವನ್ನೆಲ್ಲ ಎಳೆದುಹಾಕಿ, ಒದ್ದೆ ಗೋಣಿಯಿಂದ ನೆಲ ಒರೆಸಿ, ಇಳಿಯುತ್ತಿರುವ ಶಾಖದಲ್ಲಿ ಒಂದಾದ ಮೇಲೊಂದು ಬೇಯಿಸುತ್ತಿದ್ದರು. ಮೊದಲು ಬನ್ನು, ಆಮೇಲೆ ಬ್ರೆಡ್ಡು, ಬಿಸ್ಕತ್ತು, ರಾತ್ರಿಯ ಉಳಿದ ಬೆಚ್ಚಗಿಗೆ ರಸ್ಕ್. ಇಲ್ಲಿ ಬೆಂಕಿ ಒಲೆಯ ಒಂದು ಬದಿಯಲ್ಲಿ ಉರಿಯುತ್ತಲೇ ಇರುತ್ತದೆ, ಜ್ವಾಲೆ ಗುಮ್ಮಟದ ಒಳಮೈಗುಂಟ ನಾಲಿಗೆ ಚಾಚಿ ಈ ಬದಿಗೆ ಬರುತ್ತದೆ. ನೆಲದ ಶಾಖ ಅಡಿಯನ್ನು ಸುಡುತ್ತದೆ, ಆ ನಾಲಿಗೆ ಮೇಲನ್ನು.

ಹುಡುಗ ಅಳತೆ ಹೇಳಿದ: 1 ಲೀಟರ್ ನೀರಿಗೆ 1.8 ಕಿಲೋ ಹಿಟ್ಟು, 50 ಗ್ರಾಂ ಉಪ್ಪು, 3 ಗ್ರಾಂ ಯೀಸ್ಟ್.

‘ಮೂರು ಗ್ರಾಮಾ?’ ಅಪ್ಪ ನನ್ನ ಕಡೆ ನೋಡಿದ. ‘ಅದು ಯೀಸ್ಟಲ್ಲ, ಅಕ್ಷತೆ.’

ಅಪ್ಪನ ಬೇಕರಿಯಲ್ಲಿ ಅಷ್ಟು ಹಿಟ್ಟಿಗೆ ಅದರ ಹತ್ತು ಪಟ್ಟು ಬೀಳುತ್ತಿತ್ತು. ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಪಾಳಿಗೆ ಹೋಗುವವರ ಕೈಗೆ ಬನ್ನು ಬೀಳಬೇಕಲ್ಲ, ಒಂದು ದಿನ ಕಾಯುವ ಪುರುಸೊತ್ತು ಯಾರಿಗಿತ್ತು? ಆಮೇಲೆ ಅಪ್ಪ ಒಂದು ಉಂಡೆ ಹಿಟ್ಟು ಕೇಳಿ ಪಡೆದು, ನಲ್ಲಿಯ ಕೆಳಗೆ ಹಿಡಿದು ತೊಳೆಯತೊಡಗಿದ. ಹುಡುಗ ಗಾಬರಿಯಾದ. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ. ಬಿಳಿ ನೀರು ಹರಿದು ಹೋಗಿ, ಅಂಗೈಯಲ್ಲಿ ಉಳಿದ ಅಂಟನ್ನು ಅಪ್ಪ ಎರಡೂ ಕೈಯಲ್ಲಿ ಎಳೆದು ನೋಡಿದ. ಅದು ಗ್ಲುಟನ್, ಹಿಟ್ಟಿನ ಪ್ರೋಟೀನು. ಪ್ರತಿ ಹೊಸ ಮೈದಾ ಚೀಲಕ್ಕೂ ಅವನು ಈ ಪರೀಕ್ಷೆ ಮಾಡುತ್ತಿದ್ದ, ಅಂಟು ತುಂಡಾದರೆ ಚೀಲ ವಾಪಸ್. ಇಲ್ಲಿ ಅದು ಮೊಳದುದ್ದ ಎಳೆದರೂ ತುಂಡಾಗಲಿಲ್ಲ. ಪಿಜ್ಜಾದ ಹಿಟ್ಟಿನಲ್ಲಿ ಪ್ರೋಟೀನು ಶೇಕಡಾ 11ರಿಂದ 13ರ ಸುಮಾರಿಗೆ ಇರಬೇಕು, ಅದಕ್ಕಾಗಿ ಎರಡು ಮಿಲ್ಲುಗಳ ಮೈದಾ ಬೆರೆಸುತ್ತೇನೆ ಎಂದು ಹುಡುಗ ವಿವರಿಸಿದ. ಅಪ್ಪ ಕೈ ಒರೆಸಿಕೊಂಡು ಮೊದಲ ಸಲ ಕುರ್ಚಿಯಲ್ಲಿ ಕುಳಿತ. ಅದು ಅವನ ಪ್ರಮಾಣಪತ್ರ.

ಪಿಜ್ಜಾ ಬಂತು. ಅಂಚಿನಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಗುಳ್ಳೆ ಎದ್ದು ನೆತ್ತಿ ಕಪ್ಪಾಗಿತ್ತು. ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನು ಫೋರ್ಕ್ ತೆಗೆದುಕೊಂಡ. ಗುಳ್ಳೆಯ ಮೇಲೆ ಅದರ ಹಲ್ಲುಗಳನ್ನು ಇಟ್ಟು, ಒತ್ತದೆ, ಹಾಗೇ ಹಿಡಿದ. ಆಮೇಲೆ ಫೋರ್ಕನ್ನು ಬದಿಗಿಟ್ಟು ಕೈಯಿಂದಲೇ ಮುರಿದು ತಿಂದ. ಅರ್ಧ ತಿಂದಾದ ಮೇಲೆ ‘ಇದನ್ನು ನಾವು ಮಾರಿದ್ದರೆ ಕಾಲೊನಿಯವರು ಕಲ್ಲು ಹೊಡೆಯುತ್ತಿದ್ದರು’ ಎಂದ. ಹೊಗಳಿಕೆಯೋ ತೆಗಳಿಕೆಯೋ ಇಂದಿಗೂ ನನಗೆ ಗೊತ್ತಾಗಿಲ್ಲ.

ಹೊರಡುವಾಗ ಹತ್ತು ಗಂಟೆ. ಹುಡುಗ ಒಲೆಯ ಬಾಯಿಗೆ ಕಬ್ಬಿಣದ ಹಲಗೆ ಮುಚ್ಚುತ್ತಿದ್ದ. ಪೆಟ್ಟಿಗೆಯಲ್ಲಿ ಉಳಿದ ಏಳು ಉಂಡೆಗಳನ್ನು ಕಸದ ಬುಟ್ಟಿಗೆ ಹಾಕಲು ಎತ್ತಿದ್ದ. ನಾಳೆಗೆ ಹುಳಿಯಾಗುತ್ತವೆ, ಪಿಜ್ಜಾಕ್ಕೆ ಬರುವುದಿಲ್ಲ. ಅಪ್ಪ ಬಾಗಿಲಲ್ಲಿ ನಿಂತುಬಿಟ್ಟ.

‘ರಾತ್ರಿ ಇಡೀ ಈ ಬಿಸಿಯನ್ನು ಏನು ಮಾಡುತ್ತೀಯ?’

‘ಏನೂ ಇಲ್ಲ ಸರ್. ಬೆಳಿಗ್ಗೆಯೂ ನೂರೈವತ್ತು ಡಿಗ್ರಿ ಇರುತ್ತದೆ.’

‘ಏನೂ ಇಲ್ಲವಾ?’ ಅಪ್ಪನ ದನಿಯಲ್ಲಿ ಇದ್ದದ್ದು ಸಂಕಟ. ಸೌದೆ ಲೆಕ್ಕ ಹಾಕಿ ಸುಟ್ಟವನು ಅವನು. ಕಸದ ಬುಟ್ಟಿಯನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿ, ಆ ಏಳು ಉಂಡೆಗಳನ್ನು ಒಟ್ಟಿಗೆ ನಾದಿಸಿ, ಒಂದಿಷ್ಟು ಸಕ್ಕರೆ, ಒಂದು ಚಿಟಿಕೆ ಏಲಕ್ಕಿ ಹಾಕಿಸಿ, ಎರಡು ಉದ್ದ ಬ್ರೆಡ್ಡಾಗಿ ಮಾಡಿಸಿದ. ಅವು ಮತ್ತೆ ಉಬ್ಬಿ, ಒಲೆ ಬ್ರೆಡ್ಡಿನ ಹದಕ್ಕೆ ಇಳಿಯುವ ತನಕ ಕಾದು, ಬೇಯಿಸಿ ಹೊರಗೆ ತೆಗೆಯುವಷ್ಟರಲ್ಲಿ ಹನ್ನೆರಡೂ ಮುಕ್ಕಾಲು. ನನ್ನ ಗಂಡ ಕಾರಿನಲ್ಲಿ ನಿದ್ದೆ ಹೋಗಿದ್ದರು. ‘ಬೆಳಿಗ್ಗೆ ಬೆರಳಗಲ ಕೊಯ್ದು, ಅದೇ ಬಿಸಿಯಲ್ಲಿ ಬಾಗಿಲು ಸ್ವಲ್ಪ ತೆರೆದಿಟ್ಟು ಒಣಗಿಸು. ತಿರುಗಿಸಿ ಹಾಕುವುದನ್ನು ಮರೆಯಬೇಡ’ ಎಂದು ಎರಡೆರಡು ಸಲ ಹೇಳಿ ಅಪ್ಪ ಹೊರಟ.

ಈಗ ಆ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಗಾಜಿನ ಭರಣಿ ಇದೆ. ಅದರ ಮೇಲೆ ಹುಡುಗನ ಕೈಬರಹದ ಚೀಟಿ: ಭದ್ರಾವತಿ ರಸ್ಕ್, ಆರಕ್ಕೆ 40 ರೂಪಾಯಿ. ಕಳೆದ ವಾರ ಅಪ್ಪನಿಗೆ ಒಂದು ಪೊಟ್ಟಣ ಕೊಟ್ಟು ಬಂದೆ. ಕಾಫಿಯಲ್ಲಿ ಅದ್ದಿ ತಿಂದು, ಏಲಕ್ಕಿ ಕಡಿಮೆಯಾಗಿದೆ, ಬೆಲೆ ಹತ್ತು ರೂಪಾಯಿ ಜಾಸ್ತಿಯಾಗಿದೆ ಎಂದು ಅವನಿಗೆ ಹೇಳು ಎಂದಿದ್ದಾನೆ. ಬುಧವಾರ ಟ್ಯೂಷನ್ ಇದೆ, ಹೇಳಬೇಕು.